ಫಿರಂಗಿ ಕಲ್ಲಿಗೆ ನೆರಳು

ದೇವಳಾಲಿ, ನಾಸಿಕ್ ಜಿಲ್ಲೆ
12 ಫೆಬ್ರವರಿ 2025

ದೊಡ್ಡವ್ವ ಬೋರಕ್ಕನಿಗೆ ಚಿಕ್ಕೀರಪ್ಪನ ನಮಸ್ಕಾರ.

ಕಿವಿಯೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಗಟ್ಟಿಯಾಗಿದೆ. ಮಗಳು ರಶ್ಮಿತಾ ಬೆಳಿಗ್ಗೆ ಶಾಲೆಗೆ ಪಾಠ ಹೇಳಲು ಹೋದಳೆಂದರೆ ಮನೆಯಲ್ಲಿ ನಾನು ಮತ್ತು ಒಂದು ಬೆಕ್ಕು. ಅದು ಕೂಗುವುದು ನನಗೆ ಕೇಳುವುದಿಲ್ಲ. ಬಾಯಿ ತೆರೆದಾಗ ಹಾಲು ಹಾಕುತ್ತೇನೆ, ಆಕಳಿಸಿದರೂ ಹಾಕುತ್ತೇನೆ. ಬೆಕ್ಕು ಹಂದಿಯಂತಾಗಿದೆ.

ಫೋನು ಮಾಡು ಎಂದು ನೀನು ಹೇಳುತ್ತೀಯಂತೆ. ಸೈನ್ಯದಲ್ಲಿದ್ದಷ್ಟು ಕಾಲ ಫಿರಂಗಿಯ ಪಕ್ಕದಲ್ಲೇ ನಿಂತವನಿಗೆ ಫೋನು ಎಲ್ಲಿಯ ಮಾತು? ಮೊಬೈಲಿನಲ್ಲಿ ಬರೆಯಲು ರಶ್ಮಿತಾ ಕಲಿಸಿದಳು. ನನ್ನ ಬೆರಳು ಒಂದು ಕಡೆ ಒತ್ತಿದರೆ ಮೂರು ಅಕ್ಷರ ಬೀಳುತ್ತವೆ. ನನಗೆ ಕಾಗದವೇ ಸರಿ. ನಿನ್ನ ಮೊಮ್ಮಗಳು ದಿವ್ಯಾ ಓದಲಿ, ನೀನು ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿ ಕೇಳು.

ಸಂಕ್ರಾಂತಿಗೆ ಬೇವಿನಹಟ್ಟಿಗೆ ಹೋಗಿದ್ದಾಗ ನಮ್ಮ ಫಿರಂಗಿ ಕಲ್ಲನ್ನು ನೋಡಿದೆ. ಬಿಸಿಲಿಗೆ ಪದರು ಎದ್ದಿದೆ. ಕುರಿಗಳು ಮೈ ಉಜ್ಜಿ ಒಂದು ಮಗ್ಗುಲು ಸವೆದಿದೆ. ಮೊದಲನೆಯ ಸಾಲಿನಲ್ಲಿರುವ ನಮ್ಮ ತಾತ ದೊಡ್ಡೀರಪ್ಪನ ಹೆಸರು ಅರ್ಧ ಉದುರಿದೆ. ಮೂರನೆಯ ಸಾಲಿನ ನಿಮ್ಮಪ್ಪ ಬೋರಯ್ಯನದು ಮಾತ್ರ ಚೆನ್ನಾಗಿದೆ. ವರ್ಷಾ ವರ್ಷಾ ನಿನ್ನ ಹೆಬ್ಬೆರಳು ಓಡಾಡಿ ಅದಕ್ಕೆ ಹೊಳಪು ಬಂದಿದೆ.

ದಿವ್ಯಾ, ನೀನು ಅಜ್ಜಿಯ ಜೊತೆ ಹೋಗಿ ಕಲ್ಲು ನೋಡಿದ್ದೀಯ, ಆದರೆ ಪೂರ್ತಿ ಕಥೆ ಯಾರೂ ಹೇಳಿರಲಿಕ್ಕಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಊರಿಗೆ ಲಾರಿ ಬಂದು ನಿಂತಾಗ ಐದು ಜನ, ಯಾರ ಬಲವಂತವೂ ಇಲ್ಲದೆ, ತಾವಾಗಿ ಹತ್ತಿ ಫಿರಂಗಿ ದಳ ಸೇರಿದರು. ಮೂವರು ನಮ್ಮ ಹಟ್ಟಿಯವರು, ಇಬ್ಬರು ನಿಮ್ಮಜ್ಜಿಯ ತವರಿನ ಕೇರಿಯವರು. ಊರಿನಲ್ಲಿ ಒಬ್ಬರ ಮನೆಯ ನೀರು ಒಬ್ಬರು ಮುಟ್ಟದವರು ಬರ್ಮಾ ಕಡೆಯ ಕಾಡಿನಲ್ಲಿ ಒಂದೇ ಫಿರಂಗಿಗೆ ದುಡಿದರು, ಒಂದೇ ಪಾತ್ರೆಯಲ್ಲಿ ಉಂಡರು. ಬೋರಯ್ಯ ಗುಂಡು ಎತ್ತಿಕೊಡುವುದು, ನಮ್ಮ ತಾತ ತುಂಬುವುದು. ಬೋರಯ್ಯ ಅಲ್ಲೇ ಸತ್ತ. ಅವನು ಲಾರಿ ಹತ್ತಿದಾಗ ನಿಮ್ಮಜ್ಜಿ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ಮಿಕ್ಕವರು ತಿರುಗಿ ಬಂದು, ಹಟ್ಟಿಗೂ ಕೇರಿಗೂ ನಡುವೆ, ಲಾರಿ ನಿಂತಿದ್ದ ಜಾಗದಲ್ಲೇ ಕಲ್ಲು ನೆಟ್ಟರು. ಮೇಲೆ ಸೂರ್ಯ ಚಂದ್ರ, ನಡುವೆ ಗಾಲಿಯ ಫಿರಂಗಿ, ಕೆಳಗೆ ಐದು ಹೆಸರು. ಕೆತ್ತಿದವನು ಫಿರಂಗಿ ಕಂಡವನಲ್ಲ, ಅದು ಬಿತ್ತನೆಯ ಕೂರಿಗೆಯಂತೆ ಬಂದಿದೆ. ಹೆಣ ಬರಲಿಲ್ಲವಾದ್ದರಿಂದ ನಿಮ್ಮ ಮನೆಯವರಿಗೆ ಆ ಕಲ್ಲೇ ಬೋರಯ್ಯನ ಗೋರಿ. ಮಾರ್ನಮಿ ಅಮಾವಾಸ್ಯೆಗೆ ಗೋರಿಗೆ ಬಿಡುವ ಹಾಲುತುಪ್ಪವನ್ನು ನಿಮ್ಮಜ್ಜಿ ಆ ಹೆಸರಿನ ಮೇಲೆ ಬಿಡುತ್ತಾಳೆ.

ಇಷ್ಟೆಲ್ಲ ಮಾಡಿದ ನಮ್ಮ ತಾತ ಕಲ್ಲಿನ ಮೇಲೊಂದು ಚಪ್ಪರ ಹಾಕಿಸಲಿಲ್ಲ. ಯಾರಾದರೂ ಕೇಳಿದರೆ “ನೆಳ್ಳು ಬ್ಯಾಡ” ಎಂದು ಬಾಯಿ ಮುಚ್ಚಿಸುತ್ತಿದ್ದ. ಪಕ್ಕಾ ಜಿಪುಣ. ಆ ಜಿಪುಣನ ಮೊಮ್ಮಗ ಈಗ ನೆರಳು ಮಾಡಿಸುತ್ತಿದ್ದಾನೆ. ನಾಲ್ಕು ಕಬ್ಬಿಣದ ಕಂಬ, ಮೇಲೆ ಶೀಟು. ನನ್ನ ತಮ್ಮ ರಾಜಣ್ಣನಿಗೆ ಒಪ್ಪಿಸಿದ್ದೇನೆ. ಈ ಸಲ ಮಾರ್ನಮಿಗೆ ನೀನು ತಲೆ ಸುಡಿಸಿಕೊಳ್ಳದೆ ಅಪ್ಪನ ಜೊತೆ ಮಾತಾಡಬಹುದು.

ನಿನ್ನ ಮಗನಂಥ
ಚಿಕ್ಕೀರಪ್ಪ


ಬಿ.ಜಿ. ಕೆರೆ, ಮೊಳಕಾಲ್ಮುರು ತಾಲ್ಲೂಕು
9 ಮಾರ್ಚ್ 2025

ಚಿಕ್ಕೀರಪ್ಪ ಮಾವನವರಿಗೆ ದಿವ್ಯಾ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದವನ್ನು ಅಜ್ಜಿಗೆ ಮೂರು ಸಲ ಓದಿದೆ. ಬೆಕ್ಕಿನ ವಿಷಯ ಬಂದಾಗಲೆಲ್ಲ ನಗುತ್ತಾಳೆ. ಚಪ್ಪರ ಆಗಿದೆ ಎಂದು ತಿಳಿದ ಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ನಾನು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಆಫೀಸಿನಲ್ಲಿ ಕೆಲಸ ಮಾಡುವುದು ನಿಮಗೆ ಗೊತ್ತು, ವಾರಕ್ಕೊಂದು ರಜೆ. ಆ ರಜೆಯೂ ಹೋಯಿತು. ಚಳ್ಳಕೆರೆಯಲ್ಲಿ ಬಸ್ಸು ಬದಲಾಯಿಸಿ, ಪರಶುರಾಂಪುರದ ಬಸ್ಸಿನಲ್ಲಿ ಅಜ್ಜಿಯನ್ನು ಈರುಳ್ಳಿ ಚೀಲದ ಮೇಲೆ ಕೂರಿಸಿಕೊಂಡು ಬೇವಿನಹಟ್ಟಿಗೆ ಹೋದೆ.

ಚಪ್ಪರ ಬಲು ಚೆನ್ನಾಗಿದೆ ಮಾವ. ಅಜ್ಜಿ ಅದರ ಕೆಳಗೆ ಕಾಲು ಚಾಚಿ ಕೂತು ಮಂಡಕ್ಕಿ ತಿಂದಳು. ಕಲ್ಲಿನ ಕಡೆ ತಿರುಗಿ, “ಏನಪ್ಪಾ, ತಂಪಾತಾ? ನಿನ್ ಜೊತೆಗಾರನ ಮೊಮ್ಮಗ ಮಾಡ್ಸ್ಯಾನೆ. ನಿನ್ ಮೊಮ್ಮಕ್ಳು ಏನೂ ಮಾಡ್ಲಿಲ್ಲ ನೋಡು” ಎಂದು ನನಗೆ ಕೇಳುವಂತೆ ಹೇಳಿದಳು. ಬರುವಾಗ ಹೆಬ್ಬೆರಳಿನಿಂದ ಸಾಲು ಹಿಡಿದು ಮೂರನೆಯದನ್ನು ಸವರಿದಳು.

ಕಂಬ ನೆಟ್ಟ ದಿನ ಹಟ್ಟಿಯವರು ಕಾಯಿ ಒಡೆದು ಮಾವಿನ ತೋರಣ ಕಟ್ಟಿದ್ದರಂತೆ. ತೋರಣ ಇನ್ನೂ ಇತ್ತು. ರಾಜಣ್ಣ ಮಾವ ನಮ್ಮನ್ನು ನೋಡಿ ಚಪ್ಪಲಿ ಆಚೆ ಬಿಡಿ ಎಂದರು. ನೆಲಕ್ಕೆ ಹೊಸದಾಗಿ ಕಾಂಕ್ರೀಟು ಹಾಕಿದ್ದರು, ಅದಕ್ಕಿರಬೇಕು.

ಅಜ್ಜಿ ನಿಮಗೆ ಒಂದು ಮಾತು ಬರೆಸಿದ್ದಾಳೆ. “ನಿಂಗೆ ನೂರು ವರ್ಷ ಆಯುಸ್ಸು ಕೊಡ್ಲಿ. ಬೆಕ್ಕಿಗೆ ಹಾಲು ಕಮ್ಮಿ ಮಾಡು.”

ಇತಿ,
ದಿವ್ಯಾ


ದೇವಳಾಲಿ
2 ಏಪ್ರಿಲ್ 2025

ದೊಡ್ಡವ್ವನಿಗೂ ದಿವ್ಯಾಳಿಗೂ ಯುಗಾದಿಯ ಬೇವು ಬೆಲ್ಲ ಕಾಗದದಲ್ಲೇ.

ದಿವ್ಯಾ, ನಿನ್ನ ಕಾಗದ ನನ್ನ ಎದೆಯನ್ನು ಗೇಣು ಉಬ್ಬಿಸಿತು. ಕಾಯಿ ಒಡೆದರಂತೆ, ತೋರಣ ಕಟ್ಟಿದರಂತೆ! ಊರಿಗೆ ಈಗಲಾದರೂ ಬುದ್ಧಿ ಬಂತು. ನಾನು ಹುಡುಗನಾಗಿದ್ದಾಗ ಆ ಕಲ್ಲಿಗೆ ಎಮ್ಮೆ ಕಟ್ಟುತ್ತಿದ್ದರು. ಈಗ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ ಎಂದರೆ ಸಾಮಾನ್ಯವೇ? ಇಲ್ಲಿ ದಂಡಿನ ಊರಿನಲ್ಲಿ ಸತ್ತ ಸಿಪಾಯಿಗಳ ಸ್ಮಾರಕದ ಮುಂದೆ ದೊಡ್ಡ ದೊಡ್ಡ ಅಧಿಕಾರಿಗಳು ಸೆಲ್ಯೂಟು ಹೊಡೆದು ನಿಲ್ಲುತ್ತಾರೆ. ನಮ್ಮ ಬೋರಯ್ಯನಿಗೂ ಆ ಮರ್ಯಾದೆ ಬರಲಿ.

ರಾಜಣ್ಣನೂ ಬರೆದಿದ್ದಾನೆ. ಕುರಿ ನುಗ್ಗದಂತೆ ಸುತ್ತ ಅರ್ಧ ಗೋಡೆ ಎಬ್ಬಿಸಿ ಗ್ರಿಲ್ಲು ಕೂರಿಸೋಣವೇ ಎಂದು ಕೇಳಿದ್ದ. ಕೂರಿಸು ಎಂದು ಬರೆದೆ. ಟೈಲ್ಸು ಹಾಕಿಸೋಣವೇ ಎಂದ. ಅದನ್ನೂ ಹಾಕಿಸು, ಮಾಡುವುದನ್ನು ನೀಟಾಗಿ ಮಾಡು ಎಂದೆ. ನಮ್ಮವರು ಒಟ್ಟಾಗಿ ಒಂದು ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದು ನನ್ನ ಕಾಲದಲ್ಲಿ ಇದೇ ಮೊದಲು.

ದೊಡ್ಡವ್ವ, ಬೆಕ್ಕಿನ ಹಾಲು ಕಡಿಮೆ ಮಾಡಿದೆ. ಈಗ ಅದು ನನ್ನನ್ನು ನೋಡಿ ಬಾಯಿ ತೆರೆಯುವುದನ್ನೇ ಬಿಟ್ಟಿದೆ.

ಚಿಕ್ಕೀರಪ್ಪ


ಚಳ್ಳಕೆರೆ
25 ಮೇ 2025

ಮಾವ,

ಇದನ್ನು ಮಿಲ್ಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಜ್ಜಿಗೆ ಗೊತ್ತಿಲ್ಲ. ಉತ್ತರವನ್ನು ಮಿಲ್ಲಿನ ವಿಳಾಸಕ್ಕೆ ಹಾಕಿ.

ಹೋದ ತಿಂಗಳು ಹಟ್ಟಿಯ ಕುರಿಗಳಿಗೆ ಕಾಯಿಲೆ ಬಂತಂತೆ. ಯಾರೋ ಕಲ್ಲಿಗೆ ಹರಕೆ ಹೊತ್ತರಂತೆ, ಕುರಿಗಳು ಉಳಿದವಂತೆ. ಈಗ ಅದು ಫಿರಂಗಿ ಕಲ್ಲಲ್ಲ, ಫಿರಂಗಪ್ಪ ಸ್ವಾಮಿ. ಸೋಮವಾರ ಸೋಮವಾರ ಪೂಜೆ ಆಗುತ್ತದೆ. ಪೂಜಾರಿ ಹನುಮಂತರಾಯಪ್ಪನವರು. ಐವರಲ್ಲಿ ಒಬ್ಬರ ಮೊಮ್ಮಗನೇ ಅವರು, ನಿಮಗೆ ಗೊತ್ತಲ್ಲ. ನಿಮ್ಮ ಗೋಡೆಗೆ ಬಾಗಿಲು ಬಂದಿದೆ, ಬಾಗಿಲಿಗೆ ಬೀಗ ಬಂದಿದೆ.

ನಾನು ಮೊನ್ನೆ ಒಬ್ಬಳೇ ಹೋಗಿದ್ದೆ. ಚಪ್ಪರದ ಹತ್ತಿರ ಹೋಗುತ್ತಿದ್ದಂತೆ ಹನುಮಂತರಾಯಪ್ಪನವರು ಕೈ ಅಡ್ಡ ಹಿಡಿದು, “ಅಲ್ಲೇ ಬೇವಿನ ಮರದತ್ರ ನಿಂತ್ಕಂಡು ಕೈ ಮುಗಿಯಮ್ಮ. ನಿಮ್ ಕೇರಿಯೋರೆಲ್ಲಾ ಅಲ್ಲೇ ನಿಲ್ತಾರೆ” ಎಂದರು. ಬೈಯಲಿಲ್ಲ, ಮೆತ್ತಗೇ ಹೇಳಿದರು. ಮಾರ್ನಮಿಗೆ ಅಜ್ಜಿ ಹಾಲುತುಪ್ಪ ಬಿಡಬೇಕಲ್ಲ ಎಂದೆ. “ಅದು ಸೂತಕದ ಹಾಲು. ದೇವ್ರತಾವ ತರಂಗಿಲ್ಲ” ಎಂದರು. ಅದು ನಮ್ಮ ಮುತ್ತಜ್ಜನ ಹೆಸರಿರುವ ಕಲ್ಲು ಎಂದೆ. “ನಮ್ ತಾತನ ಹೆಸ್ರೂ ಐತಮ್ಮ. ಸತ್ತೋರ್ನ ಜನ ಮರೀತಾರೆ, ದೇವ್ರನ್ನ ಮರೆಯಲ್ಲ. ಅವ್ರನ್ನ ಯಾರೂ ಮರೀದಂಗೆ ಮಾಡೀನಿ ನಾನು” ಎಂದರು. ಆ ಮಾತು ಹೇಳುವಾಗ ಅವರ ಕಣ್ಣು ತುಂಬಿತ್ತು ಮಾವ. ಜಗಳಕ್ಕೆಂದು ನಿಂತವಳು ಹಾಗೇ ಬಸ್ಸು ಹಿಡಿದು ಬಂದೆ.

ನಿಮ್ಮ ಮೇಲೆ ನನಗೆ ಕೋಪ ಬಂದಿದೆ. ಚಪ್ಪರ ಬೇಕೆಂದು ನಿಮ್ಮನ್ನು ಯಾರು ಕೇಳಿದ್ದರು? ಬಿಸಿಲಿನಲ್ಲಿ ಅದು ತನ್ನ ಪಾಡಿಗೆ ಇತ್ತು.

ದಿವ್ಯಾ


ದೇವಳಾಲಿ
8 ಜೂನ್ 2025

ದಿವ್ಯಾ, ತಾಯಿ,

ನಿನ್ನ ಕಾಗದ ಓದಿ ಮೊದಲು ನಿನ್ನ ಮೇಲೇ ರೇಗಿದೆ. ಚಿಕ್ಕ ಹುಡುಗಿ, ಯಾರೋ ಏನೋ ಅಂದದ್ದಕ್ಕೆ ಇಷ್ಟು ಎಗರಾಡುತ್ತಾಳೆ ಎಂದುಕೊಂಡೆ. ಹನುಮಂತರಾಯನೊಬ್ಬನ ಅಧಿಕಪ್ರಸಂಗ ಇದು, ಒಂದು ಮಾತಿನಲ್ಲಿ ಸರಿಮಾಡುತ್ತೇನೆ ಎಂದು ರಾಜಣ್ಣನಿಗೆ ಬರೆದೆ. ಬೀಗ ತೆಗೆಸು, ದೊಡ್ಡವ್ವನನ್ನು ಒಳಗೆ ಬಿಡು ಎಂದೆ.

ರಾಜಣ್ಣನ ಉತ್ತರ ಬಂದಿದೆ. ಅವನು ಬರೆದದ್ದು ಇಷ್ಟೆ: “ನೆರಳು ಕೊಟ್ಟವನು ನೀನೇ. ಈಗ ಯಾಕೆ ಹೀಗೆ ಕೇಳುತ್ತೀಯ?”

ಅದನ್ನು ಓದಿದ ಮೇಲೆ ಹೊಳೆಯಿತು. ನಮ್ಮ ಹಟ್ಟಿಯಲ್ಲಿ ಸತ್ತವರ ಕಲ್ಲುಗಳೆಲ್ಲ ಬಿಸಿಲಿನಲ್ಲೇ ಇವೆ, ಒಂದರ ಮೇಲೂ ಮಾಡು, ಸೂರು ಇಲ್ಲ. ನೆರಳು ದೇವರಿಗೆ ಮಾತ್ರ. ಒಂದು ಕಲ್ಲಿಗೆ ನೆರಳು ಮಾಡಿ ಕಾಯಿ ಒಡೆದರೆ, ಬಾ, ದೇವರಾಗು ಎಂದು ಕರೆದ ಹಾಗೆ. ಹಟ್ಟಿಯ ಕೂಸಿಗೂ ಇದು ಗೊತ್ತು. ನನಗೂ ಗೊತ್ತಿರಬೇಕಾಗಿತ್ತು. ಮೀಸೆ ಚಿಗುರುವಾಗ ಊರು ಬಿಟ್ಟವನು ನಾನು. ದಂಡಿನಲ್ಲಿ ಸ್ಮಾರಕಗಳಿಗೆಲ್ಲ ಛಾವಣಿ ನೋಡಿ ನೋಡಿ, ಚಪ್ಪರ ಎಂದರೆ ಚಪ್ಪರ ಎಂದುಕೊಂಡೆ. ಹಟ್ಟಿಯವರು ನಾನು ತಿಳಿದೇ ಮಾಡಿಸಿದೆ ಎಂದುಕೊಂಡರು.

ನಮ್ಮ ತಾತ ಜಿಪುಣನಾಗಿರಲಿಲ್ಲ. ಎರಡೂ ಕಡೆಯವರು ಬಂದು ಮುಟ್ಟಲಿ ಎಂದೇ ಅವನು ಕಲ್ಲನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದ. ಸಾಯುವ ತನಕ ಅದಕ್ಕೆ ಕಾವಲು ಕೂತಂತೆ ಇದ್ದ. ನಾನು ಅವನನ್ನು ಜಿಪುಣ ಎಂದು ನಿನಗೆ ಬರೆದು ನಗಿಸಿದೆ. ನನಗೆ ನಾಚಿಕೆಯಾಗುತ್ತಿದೆ.

ಶೀಟು ಕಿತ್ತುಹಾಕು ಎಂದು ರಾಜಣ್ಣನಿಗೆ ಮತ್ತೆ ಬರೆದಿದ್ದೇನೆ. ದೇವರ ಮೇಲಿನ ಮಾಡು ಯಾರು ಕೀಳುತ್ತಾರೆ ಎಂಬುದು ನನಗೂ ಗೊತ್ತು. ಆದರೂ ಬರೆದಿದ್ದೇನೆ. ದೊಡ್ಡವ್ವನಿಗೆ ಸದ್ಯಕ್ಕೆ ಏನೂ ಹೇಳಬೇಡ, ಮಾರ್ನಮಿಗೆ ಇನ್ನೂ ದಿನ ಇದೆ.

ಚಿಕ್ಕೀರಪ್ಪ


ಬಿ.ಜಿ. ಕೆರೆ
20 ಜುಲೈ 2025

ಮಾವ, ಇದು ಅಜ್ಜಿ ಹೇಳಿ ಬರೆಸಿದ ಕಾಗದ. ಒಂದಕ್ಷರ ತಿದ್ದಬಾರದು ಎಂದಿದ್ದಾಳೆ. ಬರೆದದ್ದನ್ನು ಓದಿಸಿ ಕೇಳಿದ್ದಾಳೆ. – ದಿವ್ಯಾ

ಚಿಕ್ಕೀರಾ, ನಾನು ಬೋರಕ್ಕ. ಈ ಹುಡ್ಗಿ ನಂಗೆ ಮುಚ್ಚಿಟ್ಟು ನಿಂಗೆ ಏನೇನೋ ಬರ್ದೈತೆ. ನಂಗೆಲ್ಲಾ ಗೊತ್ತಾತು. ಬಸ್ನಾಗೆ ಸಿಕ್ಕೋರು ಹೇಳಿದ್ರು, ನಿಮ್ಮಪ್ಪ ದೇವ್ರಾಗ್ಯಾನಂತಲ್ಲ ಕಣಕ್ಕಾ ಅಂತ. ನಕ್ಕಂಡು ಹೇಳಿದ್ರು. ನಾನೂ ನಕ್ಕೆ.

ಆಗ್ಲಿ ಬಿಡು. ಬಸುರಿ ಹೆಂಡ್ತೀನ ಬಿಟ್ಟು ಲಾರಿ ಹತ್ತಿದೋನು ದೇವ್ರಾಗೋದಾದ್ರೆ ಆಗ್ಲಿ, ನಂಗೇನು ಹೊಟ್ಟೆಕಿಚ್ಚಾ? ಆದ್ರೆ ಹಾಲುತುಪ್ಪ ಬಿಡಂಗಿಲ್ಲಂತೆ. ಸತ್ತೋರಿಗೆ ಬಿಡೋದಂತೆ, ದೇವ್ರಿಗೆ ಸೂತಕ ಆಗ್ತೈತಂತೆ. ನಮ್ಮಪ್ಪ ಸತ್ತಿದ್ದು ಸುಳ್ಳೇನಪ್ಪಾ? ಸತ್ತಿಲ್ಲಾ ಅಂದ್ರೆ ಮನೀಗೆ ಕಳ್ಸ್ಲಿ ಅವ್ರು.

ನಮ್ಮವ್ವ ಸಾಯೋ ಮುಂದೆ ನನ್ನಿಂದ ಒಂದು ಮಾತು ತಗಂಡ್ಳು. ಅವನಿಗೆ ಮಣ್ಣು ಹಾಕಿದೋರು ಯಾರೋ, ಎತ್ಲಾಗೋ ಏನೋ. ಹಾಲಾದ್ರೂ ತಪ್ಪಿಸ್ಬ್ಯಾಡ ಮಗಳೇ ಅಂದ್ಳು. ಬಾಣಂತಿ ಆದಾಗ್ಲೂ ತಪ್ಪಿಸ್ಲಿಲ್ಲ. ನನ್ ಗಂಡ ಸತ್ತ ವರ್ಷ್ಲೂ ತಪ್ಪಿಸ್ಲಿಲ್ಲ. ನಿಮ್ ತಾತ ಇರೋತಂಕ ತಲೀಗೆ ಟೋಪಿ ಹಾಕ್ಕಂಡು ಪಕ್ಕದಾಗೆ ನಿಂತಿರೋನು. ಬಿಡವ್ವಾ, ನಿಮ್ಮಪ್ಪ ಎತ್ಕೊಟ್ಟಿದ್ನೇ ನಾನು ತುಂಬಿದ್ದು ಅನ್ನೋನು.

ನಂಗೆ ಅಪ್ಪನ ಮಕ ಗೊತ್ತಿಲ್ಲ ಚಿಕ್ಕೀರಾ. ಒಂದು ಫೋಟೋ ಇಲ್ಲ. ಆ ಮೂರನೇ ಸಾಲೇ ನಂಗೆ ಅವನ ಮಕ. ಅದನ್ನ ಮುಟ್ಟಿದ್ರೆ ಬಂದಂಗಾಗ್ತೈತೆ.

ಇವ್ಳ ಅಣ್ಣ ಕೇಸು ಹಾಕಾನ ಅಂತಾನೆ. ಕೇರಿಯೋರು ಬ್ಯಾಡ ಅಂತಾರೆ, ಶೇಂಗಾ ಕೀಳೋ ಕಾಲ್ದಾಗೆ ಹಟ್ಟಿಯೋರ ಹೊಲಕ್ಕೇ ಹೋಗ್ಬೇಕಲ್ಲ. ನಂಗೂ ಪೋಲೀಸು ಬ್ಯಾಡ. ಅಪ್ಪನ ಮುಂದೆ ಲಾಠಿ ಇಟ್ಕಂಡು ಹಾಲು ಬಿಡ್ಲಾ? ನೀನು ಹಟ್ಟಿಯೋನು, ದಂಡಿನಾಗಿದ್ದೋನು, ನಿನ್ ಮಾತು ಕೇಳ್ತಾರೆ. ವರ್ಷಕ್ಕೊಂದು ದಿನ, ಒಂದು ಗಿಂಡಿ ಹಾಲು. ಅಷ್ಟು ಮಾಡ್ಸು. ಆಮೇಲೆ ಗೋಮೂತ್ರ ಹಾಕಿ ತೊಳ್ಕಳ್ಳಿ ಬೇಕಾದ್ರೆ.

ನಿಂಗೆ ಬೈದಾಳಂತೆ ಇವ್ಳು. ನಾನು ಬೈದೀನಿ ಇವ್ಳಿಗೆ. ನೀನು ಒಳ್ಳೇದಕ್ಕೇ ಮಾಡ್ದೆ.


ದೇವಳಾಲಿ
1 ಸೆಪ್ಟೆಂಬರ್ 2025

ದಿವ್ಯಾ,

ಇದನ್ನು ಅಜ್ಜಿಗೆ ಎಷ್ಟು ಓದಬೇಕೋ ಅಷ್ಟು ಓದು.

ಮಾಜಿ ಸೈನಿಕನಾಗಿ ಬರೆಯಬಹುದಾದವರಿಗೆಲ್ಲ ಬರೆದೆ. ಇದು ಗುಡಿಯಲ್ಲ, ಯುದ್ಧಕ್ಕೆ ತಾವಾಗಿ ಹೋದವರ ಸ್ಮಾರಕ, ಎಲ್ಲರಿಗೂ ತೆರೆದಿಡಿ ಎಂದು ಕೇಳಿದೆ. ಊರವರು ನೆಟ್ಟ ಕಲ್ಲು ನಮ್ಮ ಪಟ್ಟಿಯಲ್ಲಿಲ್ಲ ಎಂದು ಒಂದು ಕಡೆಯಿಂದ ಉತ್ತರ ಬಂತು. ಇನ್ನೊಂದು ಕಚೇರಿಯಿಂದ ಒಬ್ಬರು ಸ್ಥಳಕ್ಕೆ ಹೋಗಿ ನೋಡಿ ಬಂದರು. ಆಮೇಲೆ ಒಳ್ಳೆಯ ಮನಸ್ಸಿನಿಂದಲೇ ನನಗೆ ಖಾಸಗಿಯಾಗಿ ಬರೆದರು. ಆ ಜಾಗ ರಸ್ತೆಯ ಬದಿಯ ಸರ್ಕಾರಿ ಜಾಗವಂತೆ. ನನ್ನ ಅರ್ಜಿ ಮುಂದೆ ಹೋದರೆ ಗೋಡೆ, ಗ್ರಿಲ್ಲು, ಚಪ್ಪರದ ಜೊತೆ ಕಲ್ಲನ್ನೂ ಕಿತ್ತು ಯಾವುದೋ ಗೋದಾಮಿಗೆ ಹಾಕುತ್ತಾರಂತೆ. ಬೇಕೋ ಬೇಡವೋ ನೀವೇ ಹೇಳಿ ಎಂದು ಕೇಳಿದ್ದಾರೆ.

ಅರ್ಜಿ ವಾಪಸು ತೆಗೆದುಕೊಂಡೆ. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಕೇಳಲು ಇಲ್ಲಿ ಬೆಕ್ಕು ಬಿಟ್ಟರೆ ಯಾರಿದ್ದಾರೆ?

ರಾಜಣ್ಣ ಇಷ್ಟಕ್ಕೆ ಒಪ್ಪಿದ್ದಾನೆ. ಮಾರ್ನಮಿಗೆ ನಾನು ಬಂದರೆ, ಚಪ್ಪರ ಹಾಕಿಸಿದವನೆಂದು ನನ್ನನ್ನು ಒಳಗೆ ಕರೆಯುತ್ತಾರೆ. ದೊಡ್ಡವ್ವ ಬೇವಿನ ಮರದ ಹತ್ತಿರ ನಿಲ್ಲಬೇಕು. ಗಿಂಡಿಯನ್ನು ಶಾಲಿನಡಿ ಹಿಡಿದು ನಾನು ಒಯ್ಯುತ್ತೇನೆ, ಅವಳ ಬದಲು ನಾನು ಬಿಡುತ್ತೇನೆ. ಕದ್ದು ಮಾಡುವ ಕೆಲಸ. ದೇಶಕ್ಕೆಂದು ಸತ್ತವನಿಗೆ ಅವನ ಮಗಳ ಹಾಲನ್ನು ಕದ್ದು ಕುಡಿಸಬೇಕಾಗಿದೆ. ಇದಕ್ಕಿಂತ ಹೆಚ್ಚು ನನ್ನಿಂದ ಆಗಲಿಲ್ಲ ತಾಯಿ.

ಚಿಕ್ಕೀರಪ್ಪ


ದೇವಳಾಲಿ
5 ಅಕ್ಟೋಬರ್ 2025

ದಿವ್ಯಾ,

ಮಿಲ್ಲಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಇದನ್ನು ಅಜ್ಜಿಗೆ ಓದಬೇಡ.

ಅಮಾವಾಸ್ಯೆಯ ದಿನ ಹೊರಗೆ ನಡೆದದ್ದನ್ನು ನೀನೂ ನೋಡಿದೆ. ನನಗೆ ಪೇಟ ಸುತ್ತಿದರು, ಹಾರ ಹಾಕಿದರು, ತಮಟೆಯವರು ಎದುರಿಗೆ ನಿಂತು ಬಾರಿಸಿದರು. ಅದು ನನ್ನ ಕಿವಿಗೆ ಬೀಳಲಿಲ್ಲ, ಎದೆಗೆ ಮಾತ್ರ ಬಡಿಯುತ್ತಿತ್ತು. ಪರದೆ ಎಳೆದ ಮೇಲೆ ಒಳಗೆ ನಡೆದದ್ದು ನಿನಗೆ ಗೊತ್ತಿಲ್ಲ.

ಸೂರ್ಯ ಚಂದ್ರ ಫಿರಂಗಿ ಇದ್ದ ಕಡೆ ಹಿತ್ತಾಳೆಯ ಮುಖವಾಡವನ್ನು ಸಿಮೆಂಟಿನಲ್ಲಿ ಕೂರಿಸಿದ್ದಾರೆ. ದಪ್ಪ ಮೀಸೆ, ಬೆಳ್ಳಿಯ ಕಣ್ಣು. ಅದರ ಕೆಳಗಿನಿಂದ ನೆಲದ ತನಕ ಟೈಲ್ಸು, ಬಚ್ಚಲಿಗೆ ಹಾಕುವಂಥದು, ಬಿಳಿಯ ಮೇಲೆ ನೀಲಿ ಹೂವು. ನೀಟಾಗಿ ಮಾಡು ಎಂದಿದ್ದೆನಲ್ಲ, ನೀಟಾಗಿ ಮಾಡಿದ್ದಾರೆ. ಐದು ಹೆಸರೂ ಅದರ ಹಿಂದೆ ಹೋಗಿವೆ. ನಮ್ಮ ತಾತನದೂ ಇಲ್ಲ, ಹನುಮಂತರಾಯನ ತಾತನದೂ ಇಲ್ಲ. ಮೂರನೆಯ ಸಾಲು ಇಲ್ಲಿರಬೇಕು ಎನ್ನುವ ಕಡೆ ಕೈಯಾಡಿಸಿದೆ. ತಣ್ಣಗೆ ಜಾರಿತು.

ಏನು ಮಾಡಬೇಕೆಂದು ತಿಳಿಯಲಿಲ್ಲ. ಹೊರಗೆ ದೊಡ್ಡವ್ವ ನಿಂತಿದ್ದಾಳೆ. ಬುಡದಲ್ಲಿ ಹಾಲು ಬಿಟ್ಟೆ. ಅದು ಕುಂಕುಮದ ನೀರಿನ ಜೊತೆ ಸೇರಿ ಮೂಲೆಯ ತೂಬಿಗೆ ಹರಿದುಹೋಯಿತು. ತುಪ್ಪ ಮಾತ್ರ ಸ್ವಲ್ಪ ಹೊತ್ತು ಟೈಲ್ಸಿನ ಮೇಲೆ ನಿಂತಿತ್ತು.

ಹನುಮಂತರಾಯ ನೋಡಿಬಿಟ್ಟ. ಕೂಗಾಡುತ್ತಾನೆ ಎಂದುಕೊಂಡೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದ. ಬೆಳಕು ಹಿಂದಿನಿಂದ ಬರುತ್ತಿತ್ತು, ತುಟಿ ಕಾಣಲಿಲ್ಲ. ಬೈದನೋ ಸಮಾಧಾನ ಹೇಳಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಅವನೇ ಒಂದು ಕೊಡ ನೀರು ಹಾಕಿ ತೊಳೆದ.

ಹೊರಗೆ ಬಂದಾಗ ದೊಡ್ಡವ್ವ ದೂರದಿಂದಲೇ ಮೂರು ಬೆರಳು ತೋರಿಸಿ ಕೇಳಿದಳಲ್ಲ. ಹೌದು ದೊಡ್ಡವ್ವ, ಮೂರನೇ ಸಾಲಿಗೇ ಬಿಟ್ಟೆ ಎಂದೆ. ಅವಳು ನನ್ನ ಕೈಗಳನ್ನು ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ನೀನು ಪಕ್ಕದಲ್ಲೇ ನಗುತ್ತಾ ನಿಂತಿದ್ದೆ. ನಿನಗೂ ಸುಳ್ಳು ಹೇಳಿದ ಹಾಗಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಅವಳು ಇರುವಷ್ಟು ದಿನ ಹಾಗೇ ನಂಬಿಕೊಂಡಿರಲಿ.

ಚಿಕ್ಕೀರಪ್ಪ


ದೇವಳಾಲಿ
30 ಅಕ್ಟೋಬರ್ 2025

ದಿವ್ಯಾ,

ನನ್ನ ಕಾಗದ ಸಿಕ್ಕಿತೋ ಇಲ್ಲವೋ. ದೀಪಾವಳಿಯೂ ಕಳೆಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಸಿಟ್ಟಿದ್ದರೆ ಬೈದಾದರೂ ಬರೆ. ದೊಡ್ಡವ್ವ ಹೇಗಿದ್ದಾಳೆ ಎಂದಷ್ಟೇ ತಿಳಿಸಿದರೂ ಸಾಕು.

ಚಿಕ್ಕೀರಪ್ಪ


ಬಿ.ಜಿ. ಕೆರೆ
23 ನವೆಂಬರ್ 2025

ಮಾವನವರಿಗೆ ದಿವ್ಯಾಳ ನಮಸ್ಕಾರಗಳು.

ನಿಮ್ಮ ಎರಡೂ ಕಾಗದ ಸಿಕ್ಕಿವೆ. ಮೊದಲನೆಯದನ್ನು ಮಿಲ್ಲಿನಲ್ಲೇ ಓದಿ ಡ್ರಾಯರಿನಲ್ಲಿಟ್ಟೆ. ಅಜ್ಜಿ ಆ ದಿನಗಳಲ್ಲಿ ಬಹಳ ಗೆಲುವಾಗಿದ್ದಳು. ಬಂದವರಿಗೆಲ್ಲ, “ಈ ವರ್ಷ ಮಿಲ್ಟ್ರಿಯೋನು ಬಿಟ್ಟ ಹಾಲು. ನಮ್ಮಪ್ಪನಿಗೆ ಅದೇ ಹೆಚ್ಚಿನ ಖುಷಿ” ಎಂದು ಹೇಳಿಕೊಂಡು ತಿರುಗಿದಳು. ಅದನ್ನು ನಿಮಗೆ ಬರೆಯೋಣ ಎಂದುಕೊಂಡರೂ ಕೈ ಬರಲಿಲ್ಲ.

ದೀಪಾವಳಿಯ ದಿನ ರಾಜಣ್ಣ ಮಾವ ಗುಡಿಯ ಒಳಗಿನ ಫೋಟೋವನ್ನು ಎಲ್ಲರಿಗೂ ಕಳಿಸಿದರು. ನನ್ನ ಅಣ್ಣನ ಮೊಬೈಲಿಗೂ ಬಂತು. ಅವನು ಏನೂ ಅರಿಯದೆ ಅಜ್ಜಿಗೆ ತೋರಿಸಿದ. ಅಜ್ಜಿ ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಸಾಲು ಹುಡುಕಿದಳು. ಅವಳು ಮುಟ್ಟಿದಾಗಲೆಲ್ಲ ಫೋಟೋ ಜರುಗಿ ಆಚೆ ಹೋಗುತ್ತಿತ್ತು. ಮತ್ತೆ ಎಳೆದು ತರುವಳು, ಮತ್ತೆ ಹೋಗುವುದು. ನಾನು ಒಳಗಿನಿಂದ ಬರುವಷ್ಟರಲ್ಲಿ ಅವಳಿಗೆ ಬೆವರು ಬಂದಿತ್ತು.

“ಹೆಸ್ರು ಎಲ್ಲೈತೆ?” ಎಂದಳು.

ಟೈಲ್ಸಿನ ಹಿಂದೆ ಹೋಗಿವೆ ಅಜ್ಜಿ ಎಂದೆ. ಇನ್ನೇನು ಹೇಳಲಿ?

“ಹಂಗಾರೆ ಚಿಕ್ಕೀರ ಎದ್ರ ಮ್ಯಾಲೆ ಬಿಟ್ಟ?”

ನಾನು ಮೊಬೈಲಿಗೆ ಕೈ ಚಾಚಿದೆ. ಅವಳು ಮೊಬೈಲನ್ನು ಅಣ್ಣನಿಗೆ ಕೊಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಮಾರನೆಯ ದಿನ, “ಅವನಿಗೆ ಬರೀಬ್ಯಾಡ. ಪಾಪ, ಅಷ್ಟು ದೂರದಿಂದ ಬಂದಿದ್ದ. ನಂಗೆ ಗೊತ್ತಾತು ಅಂದ್ರೆ ನೊಂದ್ಕಂತಾನೆ” ಎಂದಳು. ಬರೆಯಬೇಡ ಎಂದದ್ದನ್ನು ಬರೆಯುತ್ತಿದ್ದೇನೆ ಮಾವ. ಇಬ್ಬರ ಗುಟ್ಟನ್ನೂ ನಾನೊಬ್ಬಳೇ ಇಟ್ಟುಕೊಂಡು ತಿರುಗಲು ನನ್ನ ಕೈಲಿ ಆಗುತ್ತಿಲ್ಲ.

ಹೋದ ಸೋಮವಾರ ಬೇವಿನಹಟ್ಟಿಗೆ ಕರೆದುಕೊಂಡು ಹೋಗು ಎಂದು ಹಟ ಹಿಡಿದಳು. ರಜೆ ಹಾಕಿ ಹೋದೆ. ಪೂಜೆ ನಡೆಯುತ್ತಿತ್ತು. ಅವಳು ಜಗಳ ಮಾಡುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅಷ್ಟು ದೂರದಲ್ಲೇ ತಾನಾಗಿ ಚಪ್ಪಲಿ ಬಿಟ್ಟಳು. ಬೇವಿನ ಮರದ ಹತ್ತಿರ ನಮ್ಮ ಕೇರಿಯವರ ಸಾಲಿನಲ್ಲಿ ನಿಂತು ಸೆರಗು ಹೊದ್ದು ಕೈ ಮುಗಿದಳು. “ಸ್ವಾಮೀ” ಎಂದಳು. ಬೇರೆಯವರೆಲ್ಲ ಹೇಗೆ ಅನ್ನುತ್ತಾರೋ ಹಾಗೇ ಅಂದಳು. ಅವಳು ಅಲ್ಲಿಗೆ ಹೋಗಿ “ಏನಪ್ಪಾ” ಎನ್ನದೆ ಇದ್ದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ನನಗೆ ಅಲ್ಲೇ ಅಳು ಬಂತು. ಹನುಮಂತರಾಯಪ್ಪನವರು ಎಲ್ಲರಿಗೂ ಕೊಟ್ಟಂತೆ ಅವಳಿಗೂ ಮೇಲಿನಿಂದ ತೀರ್ಥ ಬಿಟ್ಟರು. ಕುಡಿದು ಉಳಿದದ್ದನ್ನು ತಲೆಗೆ ಸವರಿಕೊಂಡಳು.

ಇವತ್ತು ಬೆಳಿಗ್ಗೆ ತಾನೇ ಕರೆದು, ಬರೆಯಬೇಡ ಎಂದಿದ್ದನ್ನು ಮರೆತವಳಂತೆ, ಚಿಕ್ಕೀರನಿಗೆ ಒಂದು ಕಾಗದ ಬರಿ ಎಂದಳು. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದೇನೆ. ನೀವು ಏನು ಉತ್ತರ ಕೊಡುತ್ತೀರೋ ನನಗೆ ಗೊತ್ತಿಲ್ಲ. ಬೇಗ ಕೊಡಿ, ಅವಳು ಕಾಯುತ್ತಿದ್ದಾಳೆ.

“ಚಿಕ್ಕೀರಾ, ನೀನು ಒಳೀಕೆ ಹೋಗೋನು. ಮುಂದಿನ ಸಲ ಬಂದಾಗ ಆ ಸ್ವಾಮಿ ಮುಂದೆ ನಿಂತ್ಕಂಡು, ಹಿಂಗೆ ಬೋರಕ್ಕ ಕೇಳ್ಯಾಳೆ ಅಂತ ಹೇಳಿ, ನಂದೊಂದು ಮಾತು ಕೇಳು. ನಮ್ಮಪ್ಪ ಬೋರಯ್ಯನ್ನ ಎಲ್ಲಿ ಮಣ್ಣು ಮಾಡ್ಯಾರೆ ಅಂತ ಕೇಳು. ದೇವ್ರಲ್ವಾ, ಗೊತ್ತಿರ್ತೈತೆ.”

ಇತಿ,
ದಿವ್ಯಾ